ಗಾಲಿಯ ಮೇಲಿನ ಕಮ್ಮಟ

ಕಸುಬು ಮನೆಯ ಬಾಗಿಲಿಗೆ ನಡೆದು ಬರುವುದು ನಮ್ಮ ನಾಡಿಗೆ ಹೊಸದಲ್ಲ. ಕಲಾಯಿಯವನು ತಿದಿಯನ್ನೂ ತವರವನ್ನೂ ಹೆಗಲಿಗೇರಿಸಿಕೊಂಡು ಬಂದು, ಮರದ ನೆರಳಿನಲ್ಲಿ ಕುಳಿ ತೋಡಿ ಒಲೆ ಹೂಡುತ್ತಿದ್ದ. ಸಾಣೆ ಹಿಡಿಯುವವನು ಚಕ್ರವನ್ನೇ ಹೊತ್ತು ಬೀದಿ ಸುತ್ತುತ್ತಿದ್ದ. ಅವರ ಕಾರ್ಯಾಗಾರವೆಲ್ಲ ಒಂದು ಹೆಗಲು ತಾಳುವಷ್ಟೇ. ಆ ಮಿತಿಯೇ ಅವರಿಗೆ ಅಚ್ಚುಕಟ್ಟನ್ನು ಕಲಿಸಿತ್ತೆಂದರೆ ತಪ್ಪಾಗಲಾರದು. ಇಂದು ಸೋರುವ ನಲ್ಲಿ, ಸುಟ್ಟ ಸ್ವಿಚ್ಚು, ಜೋತುಬಿದ್ದ ಬಾಗಿಲು ಎಲ್ಲವನ್ನೂ ಒಬ್ಬನೇ ಸರಿಪಡಿಸಬಲ್ಲ ಕೈಕೆಲಸದವನಿಗೆ ಸಣ್ಣ ಪಿಕಪ್ ಗಾಡಿಯೇ ಹೆಗಲಾಗಬಲ್ಲದು. 2005ರಲ್ಲಿ ಹೊರಬಂದ ಟಾಟಾ ಏಸ್, ಜನರ ಬಾಯಲ್ಲಿ 'ಛೋಟಾ ಹಾಥಿ' ಎನಿಸಿಕೊಂಡದ್ದು, ಸುಮಾರು ಮುಕ್ಕಾಲು ಟನ್ನು ಹೊರಬಲ್ಲದು. ಹೆಗಲಿನ ಮಿತಿ ಹೋಯಿತು. ಅದರ ಜೊತೆಗೆ ಅಚ್ಚುಕಟ್ಟೂ ಹೋಗಬೇಕೆ?

ಇಂಥ ಗಾಡಿಯ ಹಿಂಭಾಗವನ್ನು ಇಣುಕಿ ನೋಡಿದವರಿಗೆ ಉತ್ತರ ಗೊತ್ತು. ಗೋಣಿಚೀಲದ ಮೇಲೆ ಗೋಣಿಚೀಲ, ಹಗ್ಗದಲ್ಲಿ ಸಿಕ್ಕಿದ ಗರಗಸ, ಎಲ್ಲದರ ಅಡಿಯಲ್ಲಿ ಬೇಕಾದ ಆ ಒಂದು ವಾಷರು. ಅದು ಸಿಗದೆ ಆತ ಅಂಗಡಿಗೆ ಓಡುತ್ತಾನೆ. ಮನೆಯ ಯಜಮಾನರು ಗಡಿಯಾರ ನೋಡುತ್ತಾರೆ; ಕೂಲಿ ಕೊಡುವಾಗ ಚೌಕಾಸಿ ಮಾಡುತ್ತಾರೆ. ಹುಡುಕಿದ ಹೊತ್ತಿಗೆ ಯಾರೂ ಹಣ ಕೊಡುವುದಿಲ್ಲ. 'ಈ ಜನಕ್ಕೆ ಶಿಸ್ತಿಲ್ಲ' ಎಂಬ ಮಾತು ಮಾತ್ರ ಧಾರಾಳವಾಗಿ ಸಿಗುತ್ತದೆ. ಹೀಗೆ ಹೇಳುವವರಲ್ಲಿ ಕಪಾಟಿನ ಪುಸ್ತಕ ಹುಡುಕಲು ಅರ್ಧ ದಿನ ಕಳೆಯುವ ನಮ್ಮಂಥ ಅಕ್ಷರಸ್ಥರೂ ಇದ್ದೇವೆ.

ಅಮೆರಿಕದ ಫ್ರಾಂಕ್ ಗಿಲ್‌ಬ್ರೆತ್ 1885ರಲ್ಲಿ ಗಾರೆಕೆಲಸಕ್ಕೆ ಸೇರಿದಾಗ ಹದಿನೇಳರ ಹುಡುಗ. ಒಂದೊಂದು ಇಟ್ಟಿಗೆಗೂ ಕೆಲಸಗಾರ ನೆಲಕ್ಕೆ ಬಾಗಿ ಏಳುವುದನ್ನು ಕಂಡು, ಇಟ್ಟಿಗೆಯೂ ಗಾರೆಯೂ ಸೊಂಟದ ಎತ್ತರಕ್ಕೆ ದೊರೆಯುವಂತೆ ಏರಿಳಿಸಬಲ್ಲ ಅಟ್ಟಣೆಯನ್ನು ಆತ ರೂಪಿಸಿದ. ಒಂದು ಇಟ್ಟಿಗೆ ಇಡಲು ಬೇಕಾಗಿದ್ದ ಹದಿನೆಂಟು ಚಲನೆಗಳು ಐದರಷ್ಟಕ್ಕೆ ಇಳಿದವು. ಈ ವಿದ್ಯೆ ಮುಂದೆ ಕಾರ್ಖಾನೆಯ ಒಡೆಯರ ಕೈಗೆ ಸಿಕ್ಕಿ, ಉಳಿದ ನಿಮಿಷವನ್ನೂ ಕೆಲಸಗಾರನಿಂದಲೇ ಹಿಂಡುವ ಉಪಾಯವಾಯಿತೆಂಬ ಆಕ್ಷೇಪಣೆ ನ್ಯಾಯವಾದುದೇ. ಆದರೆ ಸ್ವಂತ ಗಾಡಿಯವನ ಮಾತೇ ಬೇರೆ. ಅಲ್ಲಿ ಆಳೂ ಅವನೇ, ಅರಸನೂ ಅವನೇ. ಉಳಿಸಿದ ನಿಮಿಷವೂ, ನೋಯದ ಬೆನ್ನೂ ಅವನವೇ.

ಜೋಡಣೆಯ ಮೊದಲ ಸೂತ್ರವನ್ನು ಬಹುಮಂದಿ ತಲೆಕೆಳಗಾಗಿ ಹಿಡಿಯುತ್ತಾರೆ. ಇಕ್ಕಳಗಳೆಲ್ಲ ಒಂದು ಕಡೆ, ಸುತ್ತಿಗೆಗಳೆಲ್ಲ ಇನ್ನೊಂದು ಕಡೆ ಎಂಬುದು ಅಂಗಡಿಯ ಕ್ರಮ, ಕೆಲಸದ ಕ್ರಮವಲ್ಲ. ನಲ್ಲಿಗೆ ಬೇಕಾದ ಸ್ಪ್ಯಾನರು, ವಾಷರು, ದಾರ, ಟೇಪು ಎಲ್ಲ ಒಂದೇ ಚೀಲದಲ್ಲಿರಲಿ. ವಿದ್ಯುತ್ತಿನದು ಇನ್ನೊಂದು, ಬಾಗಿಲಿನದು ಮತ್ತೊಂದು. ಒಂದು ಇಕ್ಕಳ ಹೆಚ್ಚಿಗೆ ಕೊಳ್ಳಬೇಕಾದೀತು, ಕೊಳ್ಳಲಿ. ಮೂರನೆಯ ಮಹಡಿಯಿಂದ ಇಕ್ಕಳಕ್ಕಾಗಿ ಇಳಿದು ಹತ್ತುವ ಮೊಣಕಾಲು ಅದಕ್ಕಿಂತ ಬೆಲೆಯುಳ್ಳದ್ದು. ದಿನಬಳಕೆಯದು ಹಿಂಬಾಗಿಲ ಬಳಿ, ಸೊಂಟದ ಎತ್ತರದಲ್ಲಿ. ಭಾರವಾದುದು ತಳದಲ್ಲಿ, ಹಿಂದಿನ ಅಚ್ಚಿನಿಂದ ತುಸು ಮುಂದಕ್ಕೆ, ಬಿಗಿಯಾಗಿ ಕಟ್ಟಿ. ಥಟ್ಟನೆ ಬ್ರೇಕು ಹಾಕಿದಾಗ ಕಟ್ಟದ ಸುತ್ತಿಗೆಗೆ ಒಡೆಯನ ತಲೆಯ ಗುರುತಿರುವುದಿಲ್ಲ. ಅಸಿಟಿಲೀನ್ ಸಿಲಿಂಡರು ನಿಂತೇ ಪಯಣಿಸಬೇಕು, ಮಲಗಿ ಅಲ್ಲ. ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ ಇನ್‌ವರ್ಟರಿನ ಮೂಲಕ ಸಾವಿರ ವಾಟಿನ ಯಂತ್ರ ನಡೆಸುವವನು, ಎಂಬತ್ತಕ್ಕೂ ಹೆಚ್ಚು ಆಂಪಿಯರು ಹರಿಯುವುದೆಂದು ನೆನಪಿಟ್ಟು, ದಪ್ಪನಾದ, ಗಿಡ್ಡನಾದ ತಂತಿಯನ್ನೇ ಬಳಸಬೇಕು. ತೆಳುತಂತಿ ಮೊದಲು ಕಾಯುತ್ತದೆ, ಆಮೇಲೆ ಗಾಡಿಯನ್ನೇ ಸುಡುತ್ತದೆ. ಮಲೆನಾಡಿನಲ್ಲಾದರೆ ಮಳೆಯೊಂದು ಬೇರೆ: ಟಾರ್ಪಾಲಿನಿಲ್ಲದ ಉಳಿಗೆ ಒಂದು ಆಷಾಢವೇ ಸಾಕು.

ಗಾಡಿಯ ಒಡಲನ್ನೇ ಕೊಯ್ದು ಕಪಾಟು ಕಟ್ಟುವ ಉತ್ಸಾಹಿಗಳು 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯನ್ನು ಓದಿಕೊಳ್ಳುವುದು ಮೇಲು. ತಯಾರಕರು ಕೊಟ್ಟ ವಿವರಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಅದು ನಿರ್ಬಂಧಿಸುತ್ತದೆ. ಎತ್ತಿಳಿಸಬಲ್ಲ ಮರದ ಪೆಟ್ಟಿಗೆಗಳೇ ಕ್ಷೇಮ, ಅಗ್ಗವೂ ಹೌದು.

ನಾವು ಆಯುಧಪೂಜೆಯ ದಿನ ಉಪಕರಣಗಳನ್ನು ತೊಳೆದು, ಕುಂಕುಮವಿಟ್ಟು, ಸಾಲಾಗಿ ಜೋಡಿಸುತ್ತೇವೆ. ವರ್ಷಕ್ಕೊಮ್ಮೆ ಕಾಣುವ ಆ ಸಾಲನ್ನು ಉಳಿದ ದಿನಗಳಿಗೂ ಹಿಗ್ಗಿಸಲು ಒಂದು ಸುಲಭ ದಾರಿಯುಂಟು. ಹಲಗೆಯೊಂದಕ್ಕೆ ಮೊಳೆ ಬಡಿದು, ಉಪಕರಣಗಳನ್ನು ತೂಗುಹಾಕಿ, ಪ್ರತಿಯೊಂದರ ಆಕಾರವನ್ನೂ ಅದರ ಹಿಂದೆ ಬಣ್ಣದಲ್ಲಿ ಬರೆಯುವುದು. ಅಕ್ಷರ ಬಾರದ ಸಹಾಯಕನೂ ಅದನ್ನು ಓದಬಲ್ಲ. ಸಂಜೆ ಹೊರಡುವ ಮುನ್ನ ಹಲಗೆಯ ಮೇಲೆ ಒಂದು ನೆರಳು ಬರಿದಾಗಿ ಕಂಡರೆ, ಸುತ್ತಿಗೆ ಇನ್ನೂ ಆ ಮನೆಯ ಅಟ್ಟದಲ್ಲಿದೆ.