ದಾವೀದನ ಬಾತುಕೋಳಿ

ಕಳೆದ ಬೇಸಗೆಯ ರಜೆಯಲ್ಲಿ ಮೈಸೂರಿನ ಸ್ನೇಹಿತರೊಬ್ಬರ ಮನೆಯಲ್ಲಿ ಎರಡು ದಿನ ತಂಗಿದ್ದೆ. ಅವರದು ಮೂರು ತಲೆಮಾರುಗಳಿಂದ ಬಂದ ಕ್ರೈಸ್ತ ಮನೆತನ. ರಾತ್ರಿಯ ಊಟಕ್ಕೆ ಮೊದಲು ಎಲ್ಲರೂ ಒಟ್ಟಿಗೆ ಕುಳಿತು ಪ್ರಾರ್ಥನೆ ಮಾಡುವುದೂ ಮನೆಯ ಹಿರಿಯಾಕೆ ಸತ್ಯವೇದದ ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದುವುದೂ ಅಲ್ಲಿಯ ವಾಡಿಕೆ. ಅಂದು ಆಕೆ ಕನ್ನಡಕವನ್ನೇರಿಸಿಕೊಂಡು ಪುಸ್ತಕವನ್ನು ಬಿಡಿಸುತ್ತಿದ್ದಂತೆಯೇ ಆರು ವರ್ಷದ ಮೊಮ್ಮಗಳು ಓಡಿಬಂದು, “ಅಜ್ಜೀ, ದಾವೀದರಾಜ ಬಾತುಕೋಳಿ ಕದ್ದ ಕತೆ ಓದು” ಎಂದಳು.

ಅಜ್ಜಿ ಬೆರಗಾದರು. “ದಾವೀದ ಬಾತುಕೋಳಿ ಕದ್ದನೆ? ಯಾರಮ್ಮಾ ಹೇಳಿದರು ನಿನಗೆ?”

“ವಿಡಿಯೋದಲ್ಲಿತ್ತು. ಅದು ದಾವೀದನ ಕತೆ ಅಂತ ಅಮ್ಮನೇ ಹೇಳಿದಳು.”

ಅಜ್ಜಿ ಸೊಸೆಯ ಮುಖ ನೋಡಿದರು. ಸೊಸೆ ನೆಲ ನೋಡಿದಳು. ನನಗೆ ನಗು ತಡೆಯಲಾಗಲಿಲ್ಲ. ಆದರೆ ಮಕ್ಕಳನ್ನು ಸಾಕುವ ಪ್ರತಿಯೊಂದು ಮನೆಯೂ ಯೋಚಿಸಬೇಕಾದ ಪ್ರಶ್ನೆಯೊಂದು ಆ ನಗುವಿನ ಹಿಂದಿತ್ತು.

ಮಗು ನೋಡಿದ್ದು ಅಮೆರಿಕದ ‘ವೆಜಿಟೇಲ್ಸ್’ ಮಾಲೆಯಲ್ಲಿ 2000ದಲ್ಲಿ ಬಂದ ಒಂದು ಚಿತ್ರ. ಅದರಲ್ಲಿ ಒಬ್ಬ ರಾಜ. ಅವನ ಅರಮನೆಯಲ್ಲಿ ರಬ್ಬರಿನ ಬಾತುಕೋಳಿಗಳು ರಾಶಿರಾಶಿಯಾಗಿದ್ದರೂ, ಬಡ ಹುಡುಗನೊಬ್ಬನಲ್ಲಿರುವ ಒಂದೇ ಒಂದು ಬಾತುಕೋಳಿಯ ಮೇಲೆ ಅವನ ಕಣ್ಣು. ಹುಡುಗನನ್ನು ಯುದ್ಧಕ್ಕೆ ಅಟ್ಟಿ ಅದನ್ನು ಕಸಿದುಕೊಳ್ಳುತ್ತಾನೆ. ಕೊನೆಗೆ ತಪ್ಪನ್ನರಿತು ಕ್ಷಮೆ ಬೇಡುತ್ತಾನೆ. ಇದಕ್ಕೆ ಮೂಲ ಸಮುವೇಲನ ಎರಡನೆಯ ಗ್ರಂಥ. ಅಲ್ಲಿ ದಾವೀದನು ಅಪಹರಿಸಿದ್ದು ಬೊಂಬೆಯನ್ನಲ್ಲ, ಊರೀಯನೆಂಬ ಯೋಧನ ಹೆಂಡತಿಯನ್ನು. ಊರೀಯನು ಯುದ್ಧದಿಂದ ಮರಳಲೇ ಇಲ್ಲ. ಆರು ವರ್ಷದ ಕೂಸಿಗೆ ಇದನ್ನು ಇದ್ದದ್ದು ಇದ್ದಂತೆ ಹೇಳಲಾದೀತೆ? ಆದುದರಿಂದ ಚಿತ್ರ ತೆಗೆದವರು ದುರಾಸೆಯೆಂಬ ತಿರುಳನ್ನು ಉಳಿಸಿಕೊಂಡು, ಹೆಣ್ಣಿನ ಸ್ಥಾನದಲ್ಲಿ ಬಾತುಕೋಳಿಯನ್ನಿಟ್ಟರು. ಉಪಾಯ ಜಾಣತನದ್ದೇ. ಆದರೆ ಬಾತುಕೋಳಿಯಿಂದ ದಾವೀದನವರೆಗೆ ಮಗುವನ್ನು ಕೈಹಿಡಿದು ನಡೆಸುವವರು ಯಾರು? ಪರದೆಯಂತೂ ಅಲ್ಲ.

ಈ ಮಾಲೆಯ ಚರಿತ್ರೆಯೇ ಒಂದು ಪಾಠ. 1993ರಲ್ಲಿ ಫಿಲ್ ವಿಶರ್ ಮತ್ತು ಮೈಕ್ ನವ್ರಾಕಿ ಎಂಬಿಬ್ಬರು ತರುಣರು ಇದನ್ನು ಆರಂಭಿಸಿದರು. ಅಂದಿನ ಗಣಕಯಂತ್ರಗಳಿಗೆ ಕೈಕಾಲು, ಕೂದಲು, ಉಡುಪುಗಳನ್ನು ಬಿಡಿಸಿ ಆಡಿಸುವುದು ಬಹು ಕಷ್ಟ. ಹೀಗಾಗಿ ಕೈಕಾಲಿಲ್ಲದ ಪಾತ್ರಗಳೇ ಬೇಕಾಯಿತು. ವಿಶರರು ಮೊದಲು ಯೋಚಿಸಿದ್ದು ಮಿಠಾಯಿಯ ತುಂಡನ್ನು. ಮಕ್ಕಳು ಮಿಠಾಯಿಗೆ ಮರುಳಾದರೆ ತಾಯಂದಿರು ಮೆಚ್ಚಲಾರರೆಂದು ಅವರ ಪತ್ನಿ ಎಚ್ಚರಿಸಿದರು. ಮಿಠಾಯಿ ಹೋಗಿ ಸೌತೆಕಾಯಿ ಬಂದಿತು. ಜೊತೆಗೊಂದು ಟೊಮೇಟೊ ಸೇರಿತು. ಒಬ್ಬ ಗೃಹಿಣಿಯ ವಿವೇಕದಿಂದ ಲಕ್ಷಾಂತರ ಮಕ್ಕಳ ಗೆಳೆಯರು ಹುಟ್ಟಿದರು.

ಕೀರ್ತಿ ಬೆಳೆದಂತೆ ಸಾಲವೂ ಬೆಳೆದು, 2003ರಲ್ಲಿ ಸಂಸ್ಥೆ ದಿವಾಳಿಯಾಗಿ ವಿಶರರ ಕೈತಪ್ಪಿತು. ಮುಂದೆ 2011ರ ಸಂದರ್ಶನವೊಂದರಲ್ಲಿ ಅವರು ಹಿಂದಿರುಗಿ ನೋಡಿ ಒಪ್ಪಿಕೊಂಡ ಮಾತು ಮನಸ್ಸಿಗೆ ನಾಟುವಂತಹುದು. ಕ್ರೈಸ್ತರಂತೆ ನಡೆದುಕೊಳ್ಳಿರೆಂದು ಮಕ್ಕಳಿಗೆ ವರ್ಷಗಟ್ಟಲೆ ಹೇಳಿದೆನೇ ಹೊರತು, ಕ್ರೈಸ್ತಧರ್ಮವೆಂದರೇನೆಂಬುದನ್ನು ಕಲಿಸಲಿಲ್ಲವೆಂಬುದು ಅದರ ಸಾರಾಂಶ. ಅಷ್ಟರಲ್ಲಿ, 2010ರಿಂದಲೇ, ಸತ್ಯವೇದವನ್ನು ಮೊದಲಿನಿಂದ ಕೊನೆಯವರೆಗೆ ಬೊಂಬೆಗಳ ಮೂಲಕ ವಿವರಿಸುವ ಮತ್ತೊಂದು ಮಾಲೆಯನ್ನು ಅವರು ಹೊರತರಲಾರಂಭಿಸಿದ್ದರು.

ಮಾಡಿದವರೇ ಹೀಗೆನ್ನುವಾಗ, ‘ಕ್ರೈಸ್ತ ಕಾರ್ಯಕ್ರಮ’ವೆಂಬ ಹೆಸರೊಂದನ್ನೇ ನಂಬಿ ಮಗುವಿನ ಕೈಗೆ ಫೋನು ಕೊಟ್ಟು ಅಡಿಗೆಮನೆಗೆ ಹೋಗುವುದು ಸರಿಯೆ? ಬೈಗುಳವಿಲ್ಲ, ಹೊಡೆದಾಟವಿಲ್ಲ ಎಂಬುದು ಆಯ್ಕೆಯ ಮೊದಲ ಮೆಟ್ಟಿಲು ಮಾತ್ರ. ಅಲ್ಲಿ ದೇವರು ಯಾರು, ಕ್ಷಮೆಯೆಂದರೇನು ಎಂಬುದು ಮಗುವಿಗೆ ತಿಳಿದೀತೆ, ಅಥವಾ ‘ಜಾಣಮರಿಯಾಗಿರು’ ಎಂಬಷ್ಟಕ್ಕೇ ಕತೆ ಮುಗಿಯುತ್ತದೆಯೆ ಎಂಬುದನ್ನೂ ನೋಡಬೇಕು. ಅದಕ್ಕೆ ತಾಯಿತಂದೆ ಮೊದಲು ತಾವೇ ನೋಡಬೇಕು.

ಮಗುವಿನ ವಯಸ್ಸನ್ನೂ ಗಮನಿಸಬೇಕು. ಲೂಕನ ಸುವಾರ್ತೆಯನ್ನು ಆಧರಿಸಿ 1979ರಲ್ಲಿ ಬಂದ ‘ಜೀಸಸ್’ ಚಿತ್ರ ಕನ್ನಡದಲ್ಲಿಯೂ ದೊರೆಯುತ್ತದೆ. ಮನೆಮಂದಿಯೆಲ್ಲ ಕುಳಿತು ನೋಡಬಹುದಾದ ಚಿತ್ರ. ಆದರೆ ಶಿಲುಬೆಗೇರಿಸುವ ದೃಶ್ಯವನ್ನು ಎಳೆಯ ಮಗು ಒಂಟಿಯಾಗಿ ನೋಡುವುದು ತರವಲ್ಲ.

ಸ್ವಲ್ಪ ದೊಡ್ಡ ಮಕ್ಕಳಿಗೆ ಪುಸ್ತಕಕ್ಕೂ ಚಿತ್ರಕ್ಕೂ ಇರುವ ವ್ಯತ್ಯಾಸವನ್ನು ಹುಡುಕುವುದೇ ಒಂದು ಆಟ. 1998ರ ‘ದಿ ಪ್ರಿನ್ಸ್ ಆಫ್ ಈಜಿಪ್ಟ್’ ಚಿತ್ರದಲ್ಲಿ ಹೊಳೆಯಲ್ಲಿ ತೇಲಿಬಂದ ಕೂಸು ಮೋಶೆಯನ್ನು ಎತ್ತಿಕೊಳ್ಳುವವಳು ರಾಣಿ. ವಿಮೋಚನಕಾಂಡದ 2ನೆಯ ಅಧ್ಯಾಯದಲ್ಲಿ ಅವಳು ಫರೋಹನ ಮಗಳು. 1981ರಲ್ಲಿ ಜಪಾನಿನಲ್ಲಿ ತಯಾರಾದ ‘ಸೂಪರ್‌ಬುಕ್’ ಮಾಲೆಯಲ್ಲಿ ಇಬ್ಬರು ಮಕ್ಕಳೂ ಒಂದು ಯಂತ್ರದ ಬೊಂಬೆಯೂ ಪ್ರಾಚೀನಕಾಲಕ್ಕೆ ಹೋಗಿ ಪ್ರವಾದಿಗಳ ನಡುವೆ ಓಡಾಡುತ್ತಾರೆ. ಇವರಲ್ಲಿ ಯಾರು ಪುಸ್ತಕದವರು, ಯಾರು ಚಿತ್ರದವರು? ಇಷ್ಟು ಕೇಳಿದರೆ ಸಾಕು, ಮಗು ತಾನಾಗಿ ಪುಸ್ತಕ ತೆರೆಯುತ್ತದೆ.

ಭಾಷೆಯ ಮಾತೊಂದುಂಟು. ಇಂಗ್ಲಿಷ್ ವಿಡಿಯೋಗಳ ‘ಮೋಸಸ್’, ‘ಜೋನಾ’ ಇವರೇ ಅಜ್ಜಿ ಓದುವ ಮೋಶೆ, ಯೋನ ಎಂಬುದನ್ನು ಯಾರಾದರೂ ಹೇಳದಿದ್ದರೆ, ಮನೆಯ ಪ್ರಾರ್ಥನೆಯೇ ಮಗುವಿಗೆ ಪರಕೀಯವಾದೀತು. ಇನ್ನು ಹೊತ್ತಿನ ಮಿತಿ: ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆಯ ಮುಂದೆ ಕೂರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಒಂದು ಚಿತ್ರ ಮುಗಿದೊಡನೆ ಇನ್ನೊಂದು ತಾನಾಗಿ ತೊಡಗುವ ಏರ್ಪಾಡನ್ನು ನಿಲ್ಲಿಸಿಡುವುದು ಲೇಸು. ಮುಂದಿನದನ್ನು ಆರಿಸುವವರು ನಾವಾಗಿರಬೇಕು. ರಾಮಾಯಣ, ಮಹಾಭಾರತಗಳ ಬೊಂಬೆಚಿತ್ರಗಳನ್ನು ತೋರಿಸುವ ಮನೆಗಳಿಗೂ ಈ ಮಾತು ಸಲ್ಲುತ್ತದೆ.

ಅಂದು ರಾತ್ರಿ ಅಜ್ಜಿ ಸೊಸೆಯನ್ನು ಗದರಿಸಲಿಲ್ಲ. ಮೊಮ್ಮಗಳನ್ನು ಮಗ್ಗುಲಲ್ಲಿ ಕೂರಿಸಿಕೊಂಡು, ಪ್ರವಾದಿ ನಾತಾನನು ದಾವೀದನಿಗೆ ಹೇಳಿದ ಸಾಮ್ಯವನ್ನು ಓದಿದರು. ಐಶ್ವರ್ಯವಂತನಿಗೆ ಹಿಂಡುಹಿಂಡು ಕುರಿಗಳು. ಬಡವನಿಗೆ ಮಗಳಂತೆ ಸಾಕಿದ ಒಂದೇ ಕುರಿಮರಿ. ಅತಿಥಿ ಬಂದಾಗ ಐಶ್ವರ್ಯವಂತ ಬಡವನ ಮರಿಯನ್ನೇ ಕೊಯ್ಯಿಸಿದ.

ಮಗು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಜ್ಜೀ, ಬಾತುಕೋಳಿ ಅಂದರೆ ಆ ಕುರಿಮರಿಯೇ ಅಲ್ಲವೆ?” ಎಂದು ಕೇಳಿತು.

“ಹೌದಮ್ಮಾ” ಎಂದರು ಅಜ್ಜಿ. “ಆ ಕುರಿಮರಿ ಯಾರು ಅನ್ನುವುದನ್ನು ನೀನು ದೊಡ್ಡವಳಾದ ಮೇಲೆ ಹೇಳುತ್ತೇನೆ.”

ಸೊಸೆ ತಲೆಯೆತ್ತಿ ಅತ್ತೆಯತ್ತ ನೋಡಿದಳು. ಮರುದಿನ ಬೆಳಗ್ಗೆ ಫೋನಿನ ಮುಂದೆ ಅಜ್ಜಿಯೂ ಮೊಮ್ಮಗಳೂ ಒಟ್ಟಿಗೆ ಕುಳಿತಿದ್ದುದನ್ನು ಕಂಡೆ. ಅಜ್ಜಿ ಸೌತೆಕಾಯಿಯ ಹಾಡಿಗೆ ನಗುತ್ತಿದ್ದರು. ಅವರ ತೊಡೆಯ ಮೇಲೆ ಪುಸ್ತಕವಿತ್ತು.