ಕೋಚ್ ಬಂದು ಹೋದರು, ಪಾಠ ಕೇಳಿದವರು ಯಾರು?

2025ರ ಜುಲೈ ತಿಂಗಳಲ್ಲಿ ಭಾರತ ಫುಟ್‌ಬಾಲ್ ತಂಡದ ಕೋಚ್ ಹುದ್ದೆಗೆ 170 ಅರ್ಜಿಗಳು ಬಂದವು. ಸೋಸಿ ಸೋಸಿ ಕೊನೆಗೆ ಉಳಿದ ಮೂರು ಹೆಸರುಗಳಲ್ಲಿ ಸ್ಟೀಫನ್ ಕಾನ್‌ಸ್ಟಂಟೈನ್ ಅವರದೂ ಒಂದು. ಆ ಸುದ್ದಿ ಬಂದ ಬೆಳಿಗ್ಗೆ ಶಿವಮೊಗ್ಗದ ಗೋಪಾಳದಲ್ಲಿ ನಾನು ದಿನಾ ಟೀ ಕುಡಿಯುವ ಅಂಗಡಿಯಲ್ಲಿ ಪೇಪರ್ ಮಡಚಿಟ್ಟವರೊಬ್ಬರು, 'ಮತ್ತೆ ಅವನೇನಾ? ಕರೆದ ಕಡೆಗೆಲ್ಲ ಹೋಗೋನು ಮಾರಾಯ್ರೆ. ಪಾಕಿಸ್ತಾನಕ್ಕೂ ಹೋಗಿದ್ದ' ಅಂದರು. ಕೂತವರೆಲ್ಲ ಹೌದು ಹೌದು ಅಂದರು. ಆಗಸ್ಟ್ 1ಕ್ಕೆ ಖಾಲಿದ್ ಜಮೀಲ್ ಆಯ್ಕೆಯಾದರು. ಕೊನೆಗೂ ನಮ್ಮವನೊಬ್ಬ ಬಂದ ಎಂದು ಅದೇ ಅಂಗಡಿಯಲ್ಲಿ ಸಮಾಧಾನಪಟ್ಟರು.

ನನಗೆ ಆವತ್ತೂ ಸಮಾಧಾನವಾಗಲಿಲ್ಲ, ಇವತ್ತೂ ಇಲ್ಲ. ಊರೂರು ತಿರುಗುವ ಕೋಚ್ ಎಂದು ಒಬ್ಬರನ್ನು ಹೀಗಳೆಯುವುದು ಅನ್ಯಾಯ. ಅದರಲ್ಲೂ ಶಿವಮೊಗ್ಗ ಜಿಲ್ಲೆಯವರಾದ ನಾವು ಹಾಗೆ ಮಾತಾಡಲೇಬಾರದು. 'ತಿರುಗಾಟ' ನಮ್ಮಲ್ಲಿ ಗೌರವದ ಪದ. ಹೆಗ್ಗೋಡಿನ ನೀನಾಸಂ 1985ರಿಂದ ಆ ಹೆಸರಿನಲ್ಲೇ ನಾಟಕಗಳನ್ನು ಹೊತ್ತು ರಾಜ್ಯ ಸುತ್ತುತ್ತಿದೆ. ಸುತ್ತುವವರು ನೆಲೆಯಿಲ್ಲದವರು ಎಂದು ಯಾರೂ ಅಂದಿಲ್ಲ. ಯಾಕೆಂದರೆ ತಿರುಗಾಟಕ್ಕೆ ಮೊದಲೇ ಅಲ್ಲೊಂದು ರಂಗಶಾಲೆ ಎದ್ದಿತ್ತು. ಕಲಿತವರು ತಮ್ಮ ಊರಿಗೆ ಹೋಗಿ ಕಲಿಸುವವರಾದರು.

ಕಾನ್‌ಸ್ಟಂಟೈನ್ ಲಂಡನ್ನಿನಲ್ಲಿ ಹುಟ್ಟಿದವರು. ಮೊಣಕಾಲಿನ ಪೆಟ್ಟು ಆಟಗಾರನ ಬದುಕನ್ನು ಬೇಗ ಮುಗಿಸಿತು. ಆಮೇಲೆ ಹಿಡಿದ ದಾರಿ ನೋಡಿ: 1999ರಲ್ಲಿ ನೇಪಾಳ, 2002ರಲ್ಲಿ ಭಾರತ, ಆಮೇಲೆ ಮಲಾವಿ, ಸುಡಾನ್, ರುವಾಂಡಾ. 2015ರಲ್ಲಿ ಮತ್ತೆ ಭಾರತ. ಇವು ದುಡ್ಡಿನ ದಾರಿ ಹಿಡಿದವರು ಹೋಗುವ ಜಾಗಗಳಲ್ಲ. ಒಳ್ಳೆಯ ಮೈದಾನಕ್ಕೂ ಪರದಾಡುವ, ಸೋತರೆ ಕೋಚನ್ನೇ ಮೊದಲು ಕಳಿಸುವ ದೇಶಗಳು. 2023ರ ಅಕ್ಟೋಬರ್‌ನಲ್ಲಿ ಪಾಕಿಸ್ತಾನದ ಹೊಣೆ ಹೊತ್ತ ಕೆಲವೇ ದಿನಗಳಲ್ಲಿ, ಇಸ್ಲಾಮಾಬಾದಿನಲ್ಲಿ ಕಾಂಬೋಡಿಯಾವನ್ನು 1-0ರಿಂದ ಸೋಲಿಸಿದರು. ವಿಶ್ವಕಪ್ ಅರ್ಹತಾ ಪಂದ್ಯಗಳ ಇತಿಹಾಸದಲ್ಲಿ ಆ ದೇಶ ಕಂಡ ಮೊದಲ ಗೆಲುವು ಅದು. ಕಸುಬುದಾರ ಕೆಲಸ ಇರುವಲ್ಲಿಗೆ ಹೋಗುತ್ತಾನೆ, ಕೆಲಸ ಮಾಡಿ ತೋರಿಸುತ್ತಾನೆ. ಅದರಲ್ಲಿ ತಪ್ಪೇನು?

ಅವರ ಕೆಲಸವನ್ನು ನಮ್ಮ ರಾಜಧಾನಿಯೇ ಕಣ್ಣಾರೆ ಕಂಡಿದೆ. 2015ರ ಜೂನ್ 11ರಂದು ಕಂಠೀರವ ಕ್ರೀಡಾಂಗಣದಲ್ಲಿ ಒಮಾನ್ ಎದುರು 1-2ರ ಸೋಲು. ಐದೇ ದಿನಕ್ಕೆ ಗುವಾಮ್ ಎಂಬ ಪುಟ್ಟ ದ್ವೀಪದಲ್ಲೂ ಸೋಲು. ಆ ವರ್ಷ ಮಾರ್ಚ್‌ನಲ್ಲಿ ಭಾರತದ ರ‍್ಯಾಂಕ್ 173. ಎರಡು ವರ್ಷದ ಮೇಲೆ, 2017ರ ಜೂನ್ 13ರಂದು ಅದೇ ಕಂಠೀರವದಲ್ಲಿ ಸುನಿಲ್ ಚೆಟ್ರಿ ಗೋಲಿನಿಂದ ಕಿರ್ಗಿಸ್ತಾನ ಸೋತಿತು. ಜುಲೈ ಹೊತ್ತಿಗೆ ರ‍್ಯಾಂಕ್ 96. ಅಕ್ಟೋಬರ್ 11ರಂದು ಅಲ್ಲೇ ಮಕಾವ್ ವಿರುದ್ಧ 4-1, ಏಷ್ಯಾ ಕಪ್‌ಗೆ ಟಿಕೆಟ್. ದುರ್ಬಲ ತಂಡಗಳನ್ನು ಆರಿಸಿ ಆಡಿಸಿ ರ‍್ಯಾಂಕ್ ಏರಿಸಿದರು, ಬರೀ ಉದ್ದ ಒದೆತದ ಆಟ ಆಡಿಸಿದರು ಎಂಬ ದೂರು ಆಗಲೂ ಇತ್ತು. ಸುಳ್ಳೇನಲ್ಲ. ಆದರೆ 2019ರ ಏಷ್ಯಾ ಕಪ್‌ನಲ್ಲಿ ಥಾಯ್ಲೆಂಡನ್ನು 4-1ರಿಂದ ಮಣಿಸಿದ್ದೂ ಅದೇ ತಂಡ. ಬಹರೇನ್ ವಿರುದ್ಧ ಕೊನೆಯ ಗಳಿಗೆಯ ಪೆನಾಲ್ಟಿಯಲ್ಲಿ ಸೋತು ಹೊರಬಿದ್ದ ಕೂಡಲೇ ಅವರು ರಾಜೀನಾಮೆ ಕೊಟ್ಟರು. ಯಾರೂ ತಡೆಯಲಿಲ್ಲ.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಕಥೆ. ಕ್ರೊಯೇಷಿಯಾದ ಇಗೊರ್ ಸ್ಟಿಮಾಚ್ ಬಂದರು. 2023ರ ಜೂನ್‌ನಲ್ಲಿ ಕಂಠೀರವದಲ್ಲಿ ಪಾಕಿಸ್ತಾನದ ಆಟಗಾರನ ಕೈಯಿಂದ ಚೆಂಡು ಕಿತ್ತು ಕೆಂಪು ಕಾರ್ಡ್ ತಿಂದರು. ಎರಡು ವಾರದಲ್ಲಿ ಅದೇ ಮೈದಾನದಲ್ಲಿ ಕುವೈತ್ ಎದುರು ಸ್ಯಾಫ್ ಕಪ್ ಗೆದ್ದರು. ಮರುವರ್ಷ ಜೂನ್‌ನಲ್ಲಿ ಕೆಲಸದಿಂದ ಹೊರದಬ್ಬಿಸಿಕೊಂಡರು. ಅವರ ವ್ಯಾಜ್ಯ ಮುಗಿಸಲು ಫೆಡರೇಷನ್ ಒಪ್ಪಿದ ಮೊತ್ತ 4 ಲಕ್ಷ ಡಾಲರ್, ಅಂದರೆ 3 ಕೋಟಿ ರೂಪಾಯಿಗೂ ಮೇಲೆ. ನಂತರ ಸ್ಪೇನಿನ ಮನೋಲೊ ಮಾರ್ಕ್ವೆಜ್ ಗೋವಾ ಕ್ಲಬ್ಬಿನ ಕೆಲಸವನ್ನೂ ಇಟ್ಟುಕೊಂಡೇ ಒಂದು ವರ್ಷ ಇದ್ದು ಹೋದರು. ಈಗ 'ನಮ್ಮವರು' ಬಂದರಲ್ಲ, ಏನಾಯಿತು? 2025ರ ಅಕ್ಟೋಬರ್‌ನಲ್ಲಿ ಮಡಗಾಂವಿನಲ್ಲಿ ಸಿಂಗಪುರಕ್ಕೆ ಸೋತು ಏಷ್ಯಾ ಕಪ್ ಆಸೆ ಕೈಬಿಟ್ಟೆವು, ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶಕ್ಕೂ ಸೋತೆವು. ಜಮೀಲ್ ಅವರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಸ್ವದೇಶಿಯೋ ವಿದೇಶಿಯೋ ಎಂಬ ಜಗಳವೇ ಪೊಳ್ಳು ಎನ್ನುತ್ತಿದ್ದೇನೆ.

ನಮ್ಮ ಬೀದಿಯಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ನ್ಯೂಟೌನಿನ ಕ್ವಾರ್ಟರ್ಸ್‌ನಲ್ಲಿದ್ದಾಗ ಶಿಫ್ಟ್ ಮುಗಿಸಿ ಬಂದು ಆಡಿ ಕಲಿತವರು. ಸಂಜೆ ಐದೂವರೆಗೆ ಖಾಲಿ ಸೈಟಿನಲ್ಲಿ ಹತ್ತು ಹನ್ನೆರಡು ಹುಡುಗರನ್ನು ಸೇರಿಸುತ್ತಾರೆ. ಗೋಲ್‌ಪೋಸ್ಟ್ ಎಂದರೆ ನಾಲ್ಕು ಇಟ್ಟಿಗೆ. ಮೊನ್ನೆ ಒಬ್ಬ ಹುಡುಗ ಬಂದ ಚೆಂಡನ್ನೆಲ್ಲ ಬೆರಳ ತುದಿಯಿಂದ ಒದ್ದು ಚರಂಡಿಗೆ ಹಾಕುತ್ತಿದ್ದ. ಇವರು ಬಗ್ಗಿ ಅವನ ಪಾದ ಹಿಡಿದು ಹೊರಕ್ಕೆ ತಿರುಗಿಸಿ, 'ತುದಿಯಿಂದ ಒದೀಬೇಡ ಕಣೋ, ಒಳಪಾದದಿಂದ ತಳ್ಳು. ಚೆಂಡು ಬರೋಕೆ ಮುಂಚೆ ಎಲ್ಲಿಗೆ ಕೊಡಬೇಕು ಅಂತ ನೋಡ್ಕೋ' ಅಂದರು. ಹುಡುಗ ನಾಲ್ಕು ಸಲ ತಪ್ಪಿದ, ಐದನೇ ಸಲ ಸರಿಯಾಗಿ ಕೊಟ್ಟ. ಆಮೇಲೆ ಕತ್ತಲಾಗುವವರೆಗೂ ಅವನು ತುದಿಯಿಂದ ಒದೆಯಲಿಲ್ಲ. ಕೋಚಿಂಗ್ ಲೈಸೆನ್ಸ್ ತಗೊಳ್ಳಿ ಸರ್ ಎಂದರೆ ಆ ಹಿರಿಯರು, 'ಇಂಗ್ಲಿಷಲ್ಲಿ ಪಾಠ ಮಾಡಿದ್ರೆ ನನಗೆಲ್ಲಿ ತಲೆಗೆ ಹೋಗುತ್ತಪ್ಪ' ಎನ್ನುತ್ತಾರೆ.

ಭಾರತ ತಂಡದ ಆಟಗಾರ ಇಪ್ಪತ್ತೈದನೇ ವಯಸ್ಸಿನಲ್ಲಿ ಚೆಂಡು ಬರುವ ಮುಂಚೆ ತಲೆಯೆತ್ತಿ ನೋಡದಿದ್ದರೆ, ವರ್ಷಕ್ಕೆ ಕೆಲವೇ ವಾರ ಕೈಗೆ ಸಿಗುವ ಅವನಿಗೆ ಯಾವ ಕೋಚ್ ತಾನೇ ಏನು ಕಲಿಸಬಲ್ಲ? ಅದು ಹತ್ತನೇ ವಯಸ್ಸಿನಲ್ಲಿ ಖಾಲಿ ಸೈಟಿನಲ್ಲಿ ಆಗಬೇಕಾದ ಪಾಠ. ಭಾರತಕ್ಕೆ 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ ತಂದ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ವೃತ್ತಿಯಿಂದ ಶಾಲಾ ಮೇಷ್ಟ್ರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ಅವರ ತಂಡದಲ್ಲಿ ನಮ್ಮ ಕೆಂಪಯ್ಯನವರಿದ್ದರು. ಸಂತೋಷ್ ಟ್ರೋಫಿಯನ್ನು 1969ರಲ್ಲಿ ಗೆದ್ದ ನಮ್ಮ ರಾಜ್ಯ ಮತ್ತೆ ಗೆಲ್ಲಲು 2023ರ ಮಾರ್ಚ್ 4ರವರೆಗೆ, 54 ವರ್ಷ ಕಾಯಬೇಕಾಯಿತು. ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದ ಆ ತಂಡದ ಕೋಚ್ ರವಿಬಾಬು ರಾಜು. ಅವರ ಹೆಸರು ನಮ್ಮ ಟೀ ಅಂಗಡಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಹೇಳುವಾಗ ನಾಚಿಕೆಯಾಗುತ್ತದೆ.

ಕಾನ್‌ಸ್ಟಂಟೈನ್ ತರಬೇತುದಾರರಿಗೆ ಪಾಠ ಹೇಳುವ ಫಿಫಾ ಅರ್ಹತೆ ಪಡೆದವರು. ಎರಡು ಅವಧಿ ಸೇರಿ ಆರು ವರ್ಷಕ್ಕೂ ಹೆಚ್ಚು ನಮ್ಮ ಸಂಬಳ ಉಂಡರು. ಆ ಮನುಷ್ಯನನ್ನು ಕಂಠೀರವದಿಂದ ವಿಮಾನ ನಿಲ್ದಾಣಕ್ಕೆ ಕಳಿಸಿದೆವೇ ಹೊರತು, ಒಂದು ವಾರ ಇಲ್ಲಿಯ ನೆಹರೂ ಕ್ರೀಡಾಂಗಣಕ್ಕೆ ಬನ್ನಿ, ನಮ್ಮ ಪಿಟಿ ಮೇಷ್ಟ್ರುಗಳಿಗೆ ಪಾಠ ಮಾಡಿ ಎಂದು ಕರೆದವರನ್ನು ನಾನು ಕಾಣೆ. ತಿರುಗುವವರಿಂದ ಕಲಿಯುವುದು ಉಳಿದವರ ಕೆಲಸ. ಆ ಕೆಲಸದಲ್ಲಿ ಸೋತವರು ನಾವು, ಫೆಡರೇಷನ್ನಿನಿಂದ ಹಿಡಿದು ಜಿಲ್ಲೆಯವರೆಗೆ.

ಮುಂದೆ ಯಾರೇ ಬರಲಿ, ಮಡಗಾಂವಿನವರೋ ಮ್ಯಾಡ್ರಿಡ್‌ನವರೋ, ಅವರ ಕರಾರಿನಲ್ಲಿ ಒಂದು ಷರತ್ತು ಸೇರಿಸಿ: ವರ್ಷಕ್ಕೆ ಅರವತ್ತು ದಿನ ಜಿಲ್ಲೆಗಳಲ್ಲಿ ಕೋಚ್‌ಗಳಿಗೆ ಪಾಠ ಮಾಡಬೇಕು. ರಾಜ್ಯ ಫುಟ್‌ಬಾಲ್ ಸಂಸ್ಥೆಯವರಲ್ಲಿ ನನ್ನ ಮನವಿ ಇನ್ನೂ ಸಣ್ಣದು. ಡಿ ಲೈಸೆನ್ಸ್ ತರಬೇತಿಯನ್ನು ಪ್ರತಿ ವರ್ಷ ಶಿವಮೊಗ್ಗದಲ್ಲಿ, ಕನ್ನಡದಲ್ಲಿ ನಡೆಸಿ. ನಮ್ಮ ಬೀದಿಯ ಆ ಹಿರಿಯರ ಅರ್ಜಿಯನ್ನು ನಾನೇ ತುಂಬಿ ತಂದುಕೊಡುತ್ತೇನೆ.