ಗೋಡೆಯ ಮೇಲಿರುವ ಜರ್ಮನ್ ಚಿತ್ರ

ಶಿವಾಜಿನಗರ, ಹಲಸೂರುಗಳ ಹಳೆಯ ಕಥೋಲಿಕ ಮನೆಗಳಲ್ಲಿ ಒಂದು ಚಿತ್ರವನ್ನು ಕಾಣದವರು ವಿರಳ. ಬಂಡೆಯ ಮೇಲೆ ಕೈಗಳನ್ನು ಜೋಡಿಸಿ, ಮೊಣಕಾಲೂರಿ, ಇರುಳಿನಲ್ಲಿ ಇಳಿದುಬರುವ ಬೆಳಕಿನತ್ತ ಮುಖವೆತ್ತಿದ ಯೇಸುಸ್ವಾಮಿ. ನಮ್ಮ ಅಜ್ಜಿಯರು ಜಪಸರ ಹೇಳಿದ್ದು ಅದರ ಮುಂದೆಯೇ. ಅದನ್ನು ಬರೆದವರು ಯಾರೆಂದು ಮಾತ್ರ ನಾವಾರೂ ಕೇಳಿದವರಲ್ಲ.

ಬರೆದವರು ಹೈನ್ರಿಖ್ ಹಾಫ್‌ಮನ್. 1824ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಜನಿಸಿ, ಡ್ರೆಸ್ಡೆನ್‌ನ ಕಲಾ ಅಕಾಡೆಮಿಯಲ್ಲಿ ಪ್ರಾಧ್ಯಾಪಕರಾಗಿದ್ದು, 1911ರಲ್ಲಿ ತೀರಿಕೊಂಡರು. ಷೇಕ್ಸ್‌ಪಿಯರನ ನಾಟಕಗಳ ದೃಶ್ಯಗಳನ್ನೂ ಚಿತ್ರಿಸಿದವರು. ಕ್ರಿಸ್ತನ ಜೀವನದ ಅವರ ರೇಖಾಚಿತ್ರಗಳು ಪುಸ್ತಕರೂಪದಲ್ಲಿಯೂ ಪ್ರಕಟವಾದವು. ಗೆತ್ಸೆಮನಿಯ ವರ್ಣಚಿತ್ರ ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿದೆ. ನಮ್ಮ ಮನೆಗಳಿಗೆ ಬಂದದ್ದು ಅದರ ಅಗ್ಗದ ಅಚ್ಚು, ಹೆಸರಿಲ್ಲದೆ.

ಈ ಮಾತನ್ನು ಎತ್ತಲು ಕಾರಣವಿದೆ. ಇದೇ ಪೂರ್ವ ಬೆಂಗಳೂರಿನ ಹಚಿನ್ಸ್ ರಸ್ತೆಯಲ್ಲಿ 1967ರಲ್ಲಿ ವಂದನೀಯ ಡಿ. ಎಸ್. ಅಮಲೋರ್ಪವದಾಸ್‌ರವರು ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ದೈವಾರಾಧನಾ ಕೇಂದ್ರವನ್ನು ಆರಂಭಿಸಿದರು. ಎರಡನೇ ವ್ಯಾಟಿಕನ್ ಮಹಾಸಭೆಯ ಬೆಳಕಿನಲ್ಲಿ ಅಲ್ಲಿ ಭಾರತೀಯ ಶೈಲಿಯ ಪ್ರಾರ್ಥನಾಲಯ ರೂಪುಗೊಂಡಿತು. ಕಲಾವಿದ ಜ್ಯೋತಿ ಸಾಹಿಯವರು ಆ ಕೆಲಸದಲ್ಲಿ ಕೈಜೋಡಿಸಿದರು. ಆಗ ಎದ್ದ ಆಕ್ಷೇಪಗಳು ಇಂದಿಗೂ ಪೂರ್ತಿ ಅಡಗಿಲ್ಲ. ಪದ್ಮಾಸನದಲ್ಲಿ ಕುಳಿತ ಕ್ರಿಸ್ತನನ್ನು ಕಂಡರೆ ನಮ್ಮಲ್ಲಿ ಹಲವರು ಹುಬ್ಬುಗಂಟಿಕ್ಕುತ್ತಾರೆ. ಅದು ನಮ್ಮದಲ್ಲ ಎನ್ನುತ್ತಾರೆ.

ಹಾಗಾದರೆ ನಮ್ಮದು ಯಾವುದು? ಹಾಫ್‌ಮನ್ನರ ಯೇಸುವೂ ಗಲಿಲೇಯದ ಯೆಹೂದ್ಯನ ಭಾವಚಿತ್ರವಲ್ಲ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ಭಕ್ತಿ ಕಂಡುಕೊಂಡ ಮುಖ. ಅದರಲ್ಲಿ ತಪ್ಪೇನೂ ಇಲ್ಲ. ಆ ಮುಖ ಎಷ್ಟೋ ತಾಯಂದಿರ ಕಣ್ಣೀರನ್ನು ಒರೆಸಿದೆ. ಆದರೆ ಜರ್ಮನಿಯವರಿಗೆ ಇದ್ದ ಹಕ್ಕು ಕನ್ನಡದವನಿಗೋ ತಮಿಳಿನವನಿಗೋ ಇಲ್ಲವೆನ್ನುವುದು ಯಾವ ನ್ಯಾಯ?

ಸೋಜಿಗವೆಂದರೆ, ಜರ್ಮನ್ ಕಥೋಲಿಕರಿಗೆ ಈ ಅಂಜಿಕೆ ಇರಲಿಲ್ಲ. ಅಲ್ಲಿನ ಧರ್ಮಾಧ್ಯಕ್ಷರ ನೆರವು ಸಂಸ್ಥೆಯಾದ ಮಿಸೆರಿಯೋರ್, ತಪಸ್ಸುಕಾಲದಲ್ಲಿ ದೇವಾಲಯಗಳಲ್ಲಿ ತೂಗುಹಾಕುವ ಹಳೆಯ ಚಿತ್ರಪರದೆಯ ಸಂಪ್ರದಾಯವನ್ನು 1976ರಲ್ಲಿ ಮತ್ತೆ ಆರಂಭಿಸಿತು. ಮೊದಲ ಪರದೆಗೆ ಅದು ಆರಿಸಿಕೊಂಡದ್ದು ನಮ್ಮ ಜ್ಯೋತಿ ಸಾಹಿಯವರ ಚಿತ್ರವನ್ನು. ಅತ್ತ ಅವರು ಭಾರತದ ಚಿತ್ರದ ಮುಂದೆ ಮೊಣಕಾಲೂರಿದರು; ಇತ್ತ ನಾವು ಅವರ ಚಿತ್ರವನ್ನು ಬಿಟ್ಟು ಬೇರೊಂದನ್ನು ಒಲ್ಲೆವೆಂದೆವು.

ಗೆತ್ಸೆಮನಿಯ ಚಿತ್ರವನ್ನು ಯಾರೂ ಇಳಿಸಬೇಕಾಗಿಲ್ಲ. ಬರುವ ತಪಸ್ಸುಕಾಲದಲ್ಲಿ ಜ್ಞಾನೋಪದೇಶದ ಮಕ್ಕಳಿಗೆ ಹಾಫ್‌ಮನ್ನರ ಹೆಸರು ಹೇಳಿ, ಅನಂತರ ಅವರನ್ನು ಹಚಿನ್ಸ್ ರಸ್ತೆಗೊಮ್ಮೆ ಕರೆದೊಯ್ಯಬಹುದು. ಇಂದಿರಾನಗರದಿಂದಾಗಲಿ ಕೆ. ಆರ್. ಪುರದಿಂದಾಗಲಿ ಅದು ದೂರವೇನಲ್ಲ.